ಹೂಮಾಲೆ ಬಾಡುವ ಮುಂಚೆ: ಕಾರು ಶೋರೂಮಿನ ಮೋಸ ಹಿಡಿಯುವುದು, ಕೇಸು ಕಟ್ಟುವುದು ಹೇಗೆ

ನನ್ನ ಆಫೀಸಿಗೆ ಬರುವವರು ಮೊದಲು ಒಂದು ಫೋಟೊ ತೋರಿಸುತ್ತಾರೆ. ಬಾನೆಟ್ ಮೇಲೆ ಕೆಂಪು ರಿಬ್ಬನ್, ಚಕ್ರದ ಕೆಳಗೆ ನಿಂಬೆಹಣ್ಣು, ಮನೆಮಂದಿಯೆಲ್ಲ ಸೇರಿ ರಟ್ಟಿನ ದೊಡ್ಡ ಕೀ ಹಿಡಿದು ನಗುತ್ತಿರುತ್ತಾರೆ. ‘ಈ ಫೋಟೊ ತೆಗೆಯೋ ಮುಂಚೆ ಯಾವ್ಯಾವ ಕಾಗದಕ್ಕೆ ಸಹಿ ಹಾಕಿದ್ರಿ?’ ಅಂತ ಕೇಳುತ್ತೇನೆ. ‘ಏನೋ ನಾಲ್ಕೈದು ಕಡೆ ಹಾಕಿಸಿಕೊಂಡ್ರು ಸಾರ್’ ಅನ್ನುತ್ತಾರೆ. ಅಲ್ಲಿಗೆ ಅರ್ಧ ಕೇಸು ಕೈಬಿಟ್ಟ ಹಾಗೆ.

ನಾನು ಗ್ರಾಹಕರ ಪರ ವಾದಿಸುವ ವಕೀಲ. ಜಾಸ್ತಿ ಕಾರಿನ ಕೇಸುಗಳೇ. ಬೆಂಗಳೂರಿನ ಶಾಂತಿನಗರದ ಬಿಎಂಟಿಸಿ ಕಟ್ಟಡಕ್ಕೆ ಹತ್ತಿ ಇಳಿದೇ ನನ್ನ ಮಂಡಿ ಸವೆದಿದೆ. ಅಲ್ಲೊಂದು ತಮಾಷೆ ಇದೆ. ಒಂದು ಬ್ಲಾಕಿನಲ್ಲಿ ಸಾರಿಗೆ ಆಯುಕ್ತರ ಕಚೇರಿ, ಇನ್ನೊಂದರಲ್ಲಿ ಗ್ರಾಹಕರ ಆಯೋಗ. ಕಾರಿಗೆ ನಂಬರ್ ಕೊಡುವ ಇಲಾಖೆಯ ತಲೆಯೂ ಅಲ್ಲೇ, ಕಾರು ಕೊಂಡು ಕೈಸುಟ್ಟುಕೊಂಡವರ ಸಾಲೂ ಅಲ್ಲೇ.

ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಇದು: ಕೇಸು ಗೆಲ್ಲುವುದೋ ಸೋಲುವುದೋ ಡೆಲಿವರಿಯ ದಿನವೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆಗ ಯಾರಿಗೂ ವಕೀಲರ ನೆನಪಿರುವುದಿಲ್ಲ. ಹಾಗಾಗಿ ಕೋರ್ಟಿಗಿಂತ ಮುಂಚಿನ ಹೆಜ್ಜೆಗಳನ್ನೇ ಇಲ್ಲಿ ಸ್ವಲ್ಪ ಉದ್ದ ಬರೆದಿದ್ದೇನೆ.

ಹೆಜ್ಜೆ 1: ಬಾಯಿಮಾತನ್ನು ಅಕ್ಷರಕ್ಕೆ ಇಳಿಸಿ

ಶೋರೂಮಿನಲ್ಲಿ ಸುಳ್ಳು ಹೇಳುವುದು ಬಾಯಲ್ಲಿ, ಕಾಗದದಲ್ಲಲ್ಲ. ‘ಫ್ರೆಶ್ ಸ್ಟಾಕ್ ಮೇಡಂ, ಈ ತಿಂಗಳದ್ದೇ ಗಾಡಿ’ ಅನ್ನುವ ಮಾತು ಬುಕಿಂಗ್ ಫಾರಂನಲ್ಲಿ ಎಲ್ಲೂ ಇರುವುದಿಲ್ಲ. ಅದಕ್ಕೆ ಮನೆಗೆ ಬಂದ ಮೇಲೆ ಸೇಲ್ಸ್ ಹುಡುಗನಿಗೆ ಒಂದು ವಾಟ್ಸಾಪ್ ಹಾಕಿ: ‘ಇವತ್ತು ನೀವು ಹೇಳಿದ ಹಾಗೆ ಗಾಡಿ ಇಂಥ ತಿಂಗಳು ತಯಾರಾದದ್ದು, ಇಂಥ ಬಣ್ಣ, ಇಷ್ಟು ರಿಯಾಯಿತಿ, ಇಂಥ ದಿನ ಡೆಲಿವರಿ. ಸರಿ ತಾನೇ?’ ಅವನು ಒಂದು ಹೆಬ್ಬೆಟ್ಟು ಒತ್ತಿ ಕಳಿಸುತ್ತಾನೆ. ಮುಂದೊಂದು ದಿನ ಆ ಹೆಬ್ಬೆಟ್ಟೇ ನಿಮ್ಮ ಸಾಕ್ಷಿ.

ದುಡ್ಡನ್ನು ಡೀಲರ್ ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕಿ. ‘ಸಾರ್, ಟಾರ್ಗೆಟ್ ಇದೆ, ಬುಕಿಂಗ್ ದುಡ್ಡು ನನ್ನ ನಂಬರಿಗೇ ಯುಪಿಐ ಮಾಡಿಬಿಡಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಹುಡುಗ ಕೆಲಸ ಬಿಟ್ಟು ಹೋದ ಮೇಲೆ ‘ಅವನಿಗೂ ನಮಗೂ ಸಂಬಂಧವಿಲ್ಲ’ ಎಂದು ಶೋರೂಮು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಗದೂ ಬೇಡ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನೇ ತಡೆದಿದೆ.

ಇನ್ನು ಆನ್‌ರೋಡ್ ಬೆಲೆ. ಒಟ್ಟು ಮೊತ್ತ ನೋಡಿ ತಲೆಯಾಡಿಸಬೇಡಿ, ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯೇ ದೊಡ್ಡ ಮೊತ್ತ. ಅದರ ನೆರಳಿನಲ್ಲಿ ಸಣ್ಣ ಸಣ್ಣ ಸಾಲುಗಳು ಬಚ್ಚಿಟ್ಟುಕೊಂಡಿರುತ್ತವೆ. ‘ಹ್ಯಾಂಡ್ಲಿಂಗ್ ಚಾರ್ಜ್’, ‘ಲಾಜಿಸ್ಟಿಕ್ಸ್’, ‘ಎಸೆನ್ಶಿಯಲ್ ಕಿಟ್’, ಟೆಫ್ಲಾನ್ ಕೋಟಿಂಗ್. ಪ್ರತಿಯೊಂದಕ್ಕೂ ‘ಇದು ಯಾವ ನಿಯಮದ ಪ್ರಕಾರ? ರಸೀದಿ ಕೊಡ್ತೀರಾ?’ ಅಂತ ಕೇಳಿ. ಸರ್ಕಾರಕ್ಕೆ ಹೋಗುವ ದುಡ್ಡಿಗೆ ಸರ್ಕಾರಿ ರಸೀದಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅದು ಶೋರೂಮಿನ ಜೇಬಿಗೆ.

ಎರಡು ಸಾಲುಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಒಂದು ಇನ್ಶೂರೆನ್ಸ್. ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ಮಾಡಿಸಿದರೆ ಸಾಕು. ಹೊರಗಿನ ಎರಡು ಕೊಟೇಶನ್ ತಂದು ಮೇಜಿನ ಮೇಲಿಡಿ, ಬೆಲೆ ತಾನಾಗಿ ಇಳಿಯುತ್ತದೆ. ‘ನಮ್ಮಲ್ಲಿ ಮಾಡಿಸದಿದ್ರೆ ಕ್ಯಾಶ್‌ಲೆಸ್ ಸಿಗಲ್ಲ’ ಎಂಬುದು ಹಳೇ ಹೆದರಿಕೆ. ಕ್ಯಾಶ್‌ಲೆಸ್ ನಿಂತಿರುವುದು ವಿಮಾ ಕಂಪನಿಗೂ ವರ್ಕ್‌ಶಾಪಿಗೂ ಇರುವ ಒಪ್ಪಂದದ ಮೇಲೆ. ಎರಡನೆಯದು ಟಿಸಿಎಸ್, ಅಂದರೆ ಮಾರುವವರು ನಿಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. 10 ಲಕ್ಷ ಮೀರಿದ ಕಾರಿಗೆ ಶೇ. 1ರಷ್ಟು ಕಟ್ಟಿಸಿಕೊಳ್ಳುತ್ತಾರೆ. ಅದು ನಿಮ್ಮದೇ ತೆರಿಗೆ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ಅಂತ ನೋಡಿಕೊಳ್ಳಿ. ಕಟ್ಟಿಸಿಕೊಂಡು ಸುಮ್ಮನಾದವರೂ ಇದ್ದಾರೆ.

ಹೆಜ್ಜೆ 2: ನಂಬರ್ ಬೀಳುವ ಮುಂಚೆ ಹಗಲಲ್ಲಿ ಹೋಗಿ ಗಾಡಿ ನೋಡಿ

ಇದೊಂದನ್ನು ಮಾಡಿದರೆ ನನ್ನಂಥವರಿಗೆ ಕೆಲಸವೇ ಇರುವುದಿಲ್ಲ.

ತಾತ್ಕಾಲಿಕವೋ ಕಾಯಂ ಆದದ್ದೋ, ನೋಂದಣಿ ಇಲ್ಲದೆ ಡೀಲರ್ ಗಾಡಿಯನ್ನು ಕೈಗೆ ಕೊಡುವ ಹಾಗಿಲ್ಲ. ಅಂದರೆ ಡೆಲಿವರಿಯ ದಿನ ನೀವು ಕಾರನ್ನು ಮೊದಲ ಸಲ ನೋಡುವ ಹೊತ್ತಿಗೆ ಅದು ಆಗಲೇ ನಿಮ್ಮ ಹೆಸರಿಗೆ ಆಗಿಬಿಟ್ಟಿರುತ್ತದೆ. ಆಮೇಲೆ ‘ಬೇರೆ ಗಾಡಿ ಕೊಡಿ’ ಅನ್ನುವುದು ತಾಳಿ ಕಟ್ಟಿದ ಮೇಲೆ ಜಾತಕ ಕೇಳಿದಂತೆ. ಆದ್ದರಿಂದ ಪೂರ್ತಿ ದುಡ್ಡು ಕಟ್ಟುವ ಮುಂಚೆ ಚಾಸಿ ನಂಬರ್ ಬರೆಸಿಕೊಳ್ಳಿ. ಆ ಗಾಡಿಯನ್ನು ಯಾರ್ಡ್‌ನಲ್ಲೇ ನೋಡಿ. ಸಂಜೆ ಬೇಡ, ಬಿಸಿಲಿರುವಾಗ.

ನೋಡುವುದು ಏನನ್ನು? ತುಮಕೂರು ಕಡೆಯ ಒಬ್ಬ ಟೀಚರ್ ಕೇಸು ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಕಾರು ಕೊಂಡರು, ‘ಹೊಸ ವರ್ಷದ ಗಾಡಿ’ ಎಂಬ ಮಾತಿನ ಮೇಲೆ. ಎರಡು ತಿಂಗಳಾದ ಮೇಲೆ ಪಂಕ್ಚರ್ ಅಂಗಡಿಯ ಹುಡುಗ ಟೈರ್ ಬಿಚ್ಚಿ, ‘ಮೇಡಂ, ಸೆಕೆಂಡ್ಸ್ ತಗೊಂಡ್ರಾ?’ ಎಂದನಂತೆ. ಟೈರಿನ ಪಕ್ಕೆಯಲ್ಲಿ ಮೊಟ್ಟೆಯಾಕಾರದ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಅವರದರಲ್ಲಿ 3921. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2021ರ 39ನೇ ವಾರ, ಅಂದರೆ ಸೆಪ್ಟೆಂಬರ್ ಕೊನೆ. ಟೈರು ಕಾರಿಗಿಂತ ಒಂದೆರಡು ತಿಂಗಳು ಹಳೆಯದಿರುವುದು ಮಾಮೂಲು, ಅದೊಂದರಿಂದಲೇ ಏನೂ ಸಾಬೀತಾಗುವುದಿಲ್ಲ. ಆದರೆ ಹದಿನೇಳು ತಿಂಗಳು? ನಾನು ಅವರ ಫೈಲಿನಿಂದ ಫಾರಂ 21 ತೆಗೆದೆ. ಅದು ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರ. ತಯಾರಾದ ತಿಂಗಳು, ವರ್ಷ ಎಂಬ ಕಾಲಂ ಅದರಲ್ಲೇ ಇದೆ. ನವೆಂಬರ್ 2021 ಅಂತ ಅಚ್ಚಾಗಿತ್ತು. ಸತ್ಯ ಅವರ ಬೀರುವಿನಲ್ಲೇ ಎರಡು ತಿಂಗಳು ಮಲಗಿತ್ತು!

ಟೈರ್ ಅಂಕಿ ನಾಲ್ಕು ಚಕ್ರಕ್ಕೂ ನೋಡಿ, ಸ್ಟೆಪ್ನಿಯನ್ನೂ ಬಿಡಬೇಡಿ. ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಹಲವು ಕಂಪನಿಗಳಲ್ಲಿ ಹತ್ತನೆಯದು ವರ್ಷದ ಗುರುತು: 2024ಕ್ಕೆ ಆರ್, 2025ಕ್ಕೆ ಎಸ್, 2026ಕ್ಕೆ ಟಿ. ಕಿಟಕಿ ಗಾಜುಗಳ ಮೂಲೆಯ ಗುರುತು ಒಂದಕ್ಕೊಂದು ಹೊಂದುತ್ತವೆಯಾ ನೋಡಿ. ಒಂದು ಮಾತ್ರ ಬೇರೆ ಕಂಪನಿಯದಾದರೆ ಆ ಬಾಗಿಲಿಗೆ ಏನೋ ಆಗಿದೆ. ಬಾನೆಟ್ ಎತ್ತಿ ಬೋಲ್ಟ್‌ಗಳ ತಲೆ ನೋಡಿ. ಸ್ಪ್ಯಾನರ್ ಹಾಕಿದ್ದರೆ ಬಣ್ಣ ಚಕ್ಕೆ ಎದ್ದಿರುತ್ತದೆ. ಯಾರ್ಡ್‌ನಲ್ಲೋ ಸಾಗಿಸುವಾಗಲೋ ಪೆಟ್ಟು ತಿಂದ ಗಾಡಿಗೆ ಬಣ್ಣ ಹೊಡೆದು ಹೊಸದೆಂದು ಕೊಡುವುದು ಇದೆ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದರೆ ಅಡಿಯಲ್ಲಿ ಬಣ್ಣದ ಗೆರೆ ಸಿಗುತ್ತದೆ. ಓಡೋಮೀಟರಿನ ಫೋಟೊ ತೆಗೆಯಿರಿ. ಇದೆಲ್ಲಕ್ಕೂ ಇಪ್ಪತ್ತು ನಿಮಿಷ ಸಾಕು. ಸೇಲ್ಸ್ ಹುಡುಗ ಕಾಫಿ ತರುತ್ತೇನೆ ಅಂತ ನಾಲ್ಕು ಸಲ ಕರೆಯುತ್ತಾನೆ, ಹೋಗಬೇಡಿ.

ಹೆಜ್ಜೆ 3: ‘ತೃಪ್ತಿಕರವಾಗಿದೆ’ ಎಂಬ ಕಾಗದ

ಡೆಲಿವರಿಯ ದಿನ ಒಂದು ಹಾಳೆ ಬರುತ್ತದೆ. ಗಾಡಿಯನ್ನು ಪರೀಕ್ಷಿಸಿದ್ದೇನೆ, ಎಲ್ಲ ಸರಿಯಿದೆ, ತೃಪ್ತಿಯಾಗಿದೆ. ಇದನ್ನು ಪೂಜೆಗೂ ಫೋಟೊಗೂ ನಡುವೆ ಕೊಡುತ್ತಾರೆ. ಬೇಕೆಂದೇ ಹಾಗೆ ಮಾಡುತ್ತಾರೋ ಏನೋ, ನನಗಂತೂ ಅನುಮಾನ. ಓದದೆ ಸಹಿ ಹಾಕಬೇಡಿ. ನೋಡಿದ್ದನ್ನಷ್ಟೇ ಒಪ್ಪಿ. ಸಹಿಯ ಮೇಲೆ ನಿಮ್ಮ ಕೈಬರಹದಲ್ಲಿ ‘ಹೊರಗಿನಿಂದ ಮಾತ್ರ ನೋಡಿದ್ದೇನೆ, ಫಾರಂ 21 ಇನ್ನೂ ಕೊಟ್ಟಿಲ್ಲ’ ಎಂದೋ, ಏನು ನಿಜವೋ ಅದನ್ನು ಬರೆದು, ಹಾಳೆಯ ಫೋಟೊ ತೆಗೆದುಕೊಳ್ಳಿ. ಖಾಲಿ ಫಾರಂಗಳಿಗೆ ಸಹಿ ಬೇಡವೇ ಬೇಡ.

ಆಗಲೇ ಹಾಕಿಬಿಟ್ಟಿದ್ದೀರಾ? ಎದೆಗುಂದಬೇಡಿ. ಕಣ್ಣಿಗೆ ಕಾಣದ ದೋಷಕ್ಕೆ, ಮುಚ್ಚಿಟ್ಟ ಸಂಗತಿಗೆ ಆ ಸಹಿ ಅಡ್ಡಿಯಲ್ಲ ಎಂದು ವಾದಿಸಬಹುದು. ಟೀಚರ್ ಕೂಡ ಹಾಕಿದ್ದರು.

ಹೆಜ್ಜೆ 4: ಗೊತ್ತಾದ ಮೊದಲ ವಾರ

ಶೋರೂಮಿಗೆ ಹೋಗಿ ಕೂಗಾಡಬೇಡಿ. ಆ ಕೂಗಾಟಕ್ಕೆ ದಾಖಲೆ ಇರುವುದಿಲ್ಲ. ಇಮೇಲ್ ಬರೆಯಿರಿ. ಡೀಲರಿಗೆ ಬರೆದದ್ದನ್ನೇ ಕಾರು ತಯಾರಿಸಿದ ಕಂಪನಿಯ ಕಸ್ಟಮರ್ ಕೇರಿಗೂ ಕಳಿಸಿ. ಇದಕ್ಕೊಂದು ಕಾರಣವಿದೆ. ಗೋವಾದಲ್ಲಿ ಒಬ್ಬರಿಗೆ 2011ರಲ್ಲಿ ಡೀಲರ್ 2009ರಲ್ಲಿ ತಯಾರಾದ, ಆಗಲೇ ನೂರಾರು ಕಿಲೋಮೀಟರ್ ಓಡಿದ ಕಾರನ್ನು ಕೊಟ್ಟಿದ್ದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. ಡೀಲರ್ ಮಾಡಿದ ಮೋಸ ತಯಾರಕರಿಗೆ ಗೊತ್ತಿತ್ತೆಂದು ತೋರಿಸದೆ ಅವರನ್ನು ಹೊಣೆ ಮಾಡಲಾಗದು ಎಂದು 2021ರಲ್ಲಿ ಕೋರ್ಟ್ ಹೇಳಿತು. ಟಾಟಾ ಮೋಟರ್ಸ್ ಪಾರಾಯಿತು, ಡೀಲರ್ ಸಿಕ್ಕಿಕೊಂಡ. ಡೀಲರ್‌ಶಿಪ್ಪೇ ಬಾಗಿಲು ಹಾಕಿದರೆ ನಿಮಗೆ ಉಳಿಯುವುದು ಕಂಪನಿ ಒಂದೇ. ಆದ್ದರಿಂದ ಮೊದಲ ವಾರವೇ ವಿಷಯ ಅವರ ಕಿವಿಗೆ ಬೀಳಲಿ.

ದೋಷದ ಗಾಡಿಯಾದರೆ ನಿಮ್ಮ ದೊಡ್ಡ ಆಸ್ತಿ ಜಾಬ್ ಕಾರ್ಡ್. ಸರ್ವಿಸಿಗೆ ಬಿಟ್ಟಾಗ ಅದರಲ್ಲಿ ‘ಕಸ್ಟಮರ್ ವಾಯ್ಸ್’ ಅಂತ ಒಂದು ಜಾಗ ಇರುತ್ತದೆ, ನೀವು ಹೇಳಿದ್ದನ್ನು ಬರೆಯುವುದಕ್ಕೆ. ನೀವು ‘80ರ ಸ್ಪೀಡಿನಲ್ಲಿ ಸ್ಟೀರಿಂಗ್ ನಡುಗುತ್ತೆ, ಇದು ಮೂರನೇ ಸಲ ಬಂದಿರೋದು’ ಅನ್ನುತ್ತೀರಿ. ಅಡ್ವೈಸರ್ ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿ ‘ಜನರಲ್ ಚೆಕಪ್’ ಅಂತ ಬರೆಯುತ್ತಾನೆ. ನೀವು ಬೆರಳಿನಲ್ಲಿ ಗೀಚಿ ಹೊರಡುತ್ತೀರಿ. ವರ್ಷ ಕಳೆದ ಮೇಲೆ ಆಯೋಗದ ಮುಂದೆ ಅವರ ವಕೀಲರು ಅದೇ ಹಾಳೆ ಎತ್ತಿ ಹಿಡಿಯುತ್ತಾರೆ: ‘ನೋಡಿ ಸ್ವಾಮಿ, ಸ್ಟೀರಿಂಗ್ ಅಂತ ಒಂದು ದಿನವೂ ದೂರು ಕೊಟ್ಟೇ ಇಲ್ಲ.’ ನಿಮ್ಮ ಮಾತು ನಿಮ್ಮ ಮಾತಿನಲ್ಲೇ ಬರೆಯುವವರೆಗೂ ಕೌಂಟರ್ ಬಿಡಬೇಡಿ. ಬರೆಯದಿದ್ದರೆ ಅಲ್ಲೇ ನಿಂತು ಇಮೇಲ್ ಹಾಕಿ.

ಸೇಲ್ಸ್ ಹುಡುಗ ದುಡ್ಡು ನುಂಗಿದ್ದರೆ, ರಸೀದಿ ನಕಲಿಯಾಗಿದ್ದರೆ ಅದು ಬರೀ ಗ್ರಾಹಕರ ವ್ಯಾಜ್ಯವಲ್ಲ. ಪೊಲೀಸ್ ಠಾಣೆಗೂ ಹೋಗಿ. ಹಿಂದೆ 420 ಅನ್ನುತ್ತಿದ್ದ ವಂಚನೆ ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ಅಲ್ಲಿ ದೂರು ಕೊಟ್ಟರೆ ಇಲ್ಲಿ ಕೇಸು ಹಾಕಬಾರದು ಅಂತೇನಿಲ್ಲ.

ಹಳೇ ಕಾರಾದರೆ

ಇದು ಬೇರೆಯದೇ ಲೋಕ, ಮುಖ್ಯವಾದದ್ದಷ್ಟೇ ಹೇಳುತ್ತೇನೆ. ಮೀಟರ್ ತಿರುಗಿಸಿದ್ದಾರಾ ಎಂದು ತಿಳಿಯಲು ಅದೇ ಕಂಪನಿಯ ವರ್ಕ್‌ಶಾಪಿನಿಂದ ಹಿಂದಿನ ಸರ್ವಿಸ್ ದಾಖಲೆ ತರಿಸಿ. 30 ಸಾವಿರ ಕಿಲೋಮೀಟರ್ ಓಡಿದೆ ಅನ್ನುವ ಕಾರಿನ ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಪೆಡಲನ್ನೇ ನಂಬಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೀಚೆ ಎಷ್ಟು ಕಾರು ಮುಳುಗಿದವು, ನೆನಪಿದೆಯಲ್ವಾ? ಅಂಥ ಕಾರುಗಳು ಎಲ್ಲೂ ಮಾಯವಾಗುವುದಿಲ್ಲ, ತೊಳೆದು ಮತ್ತೆ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಗೆರೆ ಇದೆಯಾ ನೋಡಿ. ಡಿಕ್ಕಿಯ ಮ್ಯಾಟ್ ಎತ್ತಿ ಮೂಸಿ.

2023ರ ಏಪ್ರಿಲ್ 1ರಿಂದ ಹಳೇ ಗಾಡಿಗಳ ಡೀಲರುಗಳು ಆರ್‌ಟಿಒದಿಂದ ಅನುಮತಿ ಪತ್ರ ಪಡೆದಿರಬೇಕು. ಆ ಪತ್ರ ತೋರಿಸಿ ಎಂದು ಕೇಳಿದರೆ ಅರ್ಧ ಜನ ಮಾತು ಬದಲಿಸುತ್ತಾರೆ. ನೀವು ಮಾರುವವರಾದರೂ ಹುಷಾರು. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟ ಮಾಡಿದೆ. ಗಾಡಿ ಕೊಟ್ಟು ಹೆಸರು ಬದಲಾಗದೆ ಅಪಘಾತವಾದರೆ ಪರಿಹಾರದ ನೋಟಿಸು ನಿಮ್ಮ ಬಾಗಿಲಿಗೇ ಬರುತ್ತದೆ.

ಹೆಜ್ಜೆ 5: ನೋಟಿಸ್

ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ಆದರೂ ಬುಕಿಂಗ್ ದುಡ್ಡು ವಾಪಸ್ ಬರುವಂಥ ಸಣ್ಣ ತಕರಾರು ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಆಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್. ಏನಾಯಿತು, ಏನು ಕೊಡಬೇಕು, ಎಷ್ಟು ದಿನದಲ್ಲಿ. ಒಂದೂವರೆ ಪುಟ ಸಾಕು. ಬೈಗುಳ ಬೇಡ.

ಹೆಜ್ಜೆ 6: ದೂರು

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಂದು ದೊಡ್ಡ ಅನುಕೂಲ ಆಗಿದೆ. ಶೋರೂಮ್ ಬೆಂಗಳೂರಿನಲ್ಲಿದ್ದರೂ ನೀವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಟೀಚರ್ ತುಮಕೂರಿನಲ್ಲೇ ಕೊಟ್ಟರು, ಓಡಾಟ ಡೀಲರಿಗೆ ಬಿತ್ತು. ನೀವು ಕಾರಿಗೆ ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ. ಅದನ್ನು ಮೀರಿ 2 ಕೋಟಿಯವರೆಗೆ ರಾಜ್ಯ ಆಯೋಗ. ಶುಲ್ಕ ಕೇಳಿದರೆ ನಗುತ್ತೀರಿ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನಾಗಿಯೇ ಸಲ್ಲಿಸಬಹುದು. ಗಡುವು ಎರಡು ವರ್ಷ. ‘ಮ್ಯಾನೇಜರ್ ನೋಡ್ತೀನಿ ಅಂದಿದಾರೆ’ ಅಂತ ಕಾಯುತ್ತಾ ಈ ಎರಡು ವರ್ಷ ಕಳೆದುಕೊಂಡವರೇ ನನಗೆ ಅತಿ ಬೇಸರ ತರಿಸುವ ಕಕ್ಷಿದಾರರು.

ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ವಾದಿಸಬಹುದು. ಅಂದ ಹಾಗೆ, ವಕೀಲರ ಸೇವೆ ಈ ಕಾಯ್ದೆಯಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ನಾನು ಕೈಕೊಟ್ಟರೆ ನನ್ನನ್ನು ಅಲ್ಲಿಗೆ ಎಳೆಯುವ ಹಾಗಿಲ್ಲ. ಆದ್ದರಿಂದ ವಕೀಲರನ್ನು ಆರಿಸುವಾಗಲೂ ಬಾನೆಟ್ ಎತ್ತಿ ನೋಡಿ.

ಟ್ಯಾಕ್ಸಿ ಓಡಿಸುವವರಿಗೆ ‘ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರೇ ಅಲ್ಲ’ ಎಂಬ ಆಕ್ಷೇಪ ಬರುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡಿದ್ದು ಎಂದು ದೂರಿನಲ್ಲೇ ಬರೆಯಿರಿ, ಕಾಯ್ದೆ ಅದಕ್ಕೆ ಜಾಗ ಕೊಟ್ಟಿದೆ.

ಕೇಳುವುದನ್ನು ಅಳೆದು ಕೇಳಿ. ‘ಹೊಸ ಕಾರೇ ಕೊಡಿಸಿ’ ಎಂಬುದೊಂದೇ ಬೇಡಿಕೆ ಇಟ್ಟು ಸೋತವರನ್ನು ನೋಡಿದ್ದೇನೆ. ಒಂದು ಬಿಡಿಭಾಗ ಕೆಟ್ಟಿದ್ದರೆ ಇಡೀ ಕಾರನ್ನೇ ಬದಲಿಸಬೇಕಿಲ್ಲ ಎಂದು ಮಾರುತಿ ಕಾರಿನ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಮೆಟ್ಟಿಲು ಮೆಟ್ಟಿಲಾಗಿ ಕೇಳಿ: ಬೇರೆ ಕಾರು ಕೊಡಿ, ಇಲ್ಲವಾದರೆ ದುಡ್ಡು ವಾಪಸ್, ಅದೂ ಇಲ್ಲವಾದರೆ ಬೆಲೆಯ ವ್ಯತ್ಯಾಸ ಮತ್ತು ಬಡ್ಡಿ. ಮಾನಸಿಕ ಯಾತನೆ, ಖರ್ಚು ಬೇರೆ. ಹಳೇ ಸ್ಟಾಕಿನ ಕೇಸಿನಲ್ಲಿ ಆ ವ್ಯತ್ಯಾಸ ಎಷ್ಟು ಎಂಬುದಕ್ಕೆ ಆಧಾರ ಬೇಕು. ಅದೇ ಮಾಡೆಲ್‌ನ ಎರಡು ವರ್ಷಗಳ ಮರುಮಾರಾಟದ ಕೊಟೇಶನ್ ಲಗತ್ತಿಸಿ.

ವಾಟ್ಸಾಪ್ ಪ್ರಿಂಟ್ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಇಡಿ, ಅದು ಫೋನಿನಂಥ ಸಾಧನದ ದಾಖಲೆಯನ್ನು ದೃಢೀಕರಿಸುವ ಕಾಗದ. ಆ ಫೋನ್ ಮಾರಬೇಡಿ.

ಹೆಜ್ಜೆ 7: ವಾಯಿದೆಗಳು

ಆಯೋಗದ ನೋಟಿಸ್ ತಲುಪಿದ ಮೇಲೆ ಡೀಲರ್ 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಇನ್ನೂ 15 ದಿನ ಕೊಡಬಹುದು, ಅಷ್ಟೇ. ಅದಕ್ಕಿಂತ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಪು ಕೊಟ್ಟಿದೆ. 46ನೇ ದಿನ ಎದ್ದು ನಿಂತು ನೆನಪಿಸಿ. ಕಾಯ್ದೆ ಹೇಳುವುದು ಮೂರು ತಿಂಗಳಲ್ಲಿ ಮುಗಿಸಿ ಅಂತ. ಆದರೆ ಮುಗಿಯುವುದಿಲ್ಲ. ಮನಸ್ಸನ್ನು ವರ್ಷಗಳ ಲೆಕ್ಕಕ್ಕೆ ಅಣಿ ಮಾಡಿಕೊಳ್ಳಿ.

ತಯಾರಿಕೆಯ ದೋಷ ಎಂದರೆ ಸಾಮಾನ್ಯವಾಗಿ ತಜ್ಞರ ವರದಿ ಬೇಕು. ಅದಕ್ಕೆ ಶುರುವಿನಲ್ಲೇ ಅರ್ಜಿ ಹಾಕಿ, ಕಾರು ಇನ್ನೂ ಅದೇ ಸ್ಥಿತಿಯಲ್ಲಿರುವಾಗ. ಎಲ್ಲದಕ್ಕೂ ಬೇಕಾಗುವುದಿಲ್ಲ ಅನ್ನುವುದಕ್ಕೆ ಏರ್‌ಬ್ಯಾಗ್ ತೆರೆಯದ ಕ್ರೆಟಾ ಕೇಸು ನೋಡಿ. ಡಿಕ್ಕಿಯ ವೇಗ, ಬಲ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಬೇಕಿಲ್ಲ ಎಂಬರ್ಥದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹ್ಯುಂಡೈಗೆ ಮೇಲ್ಮನವಿ ದಕ್ಕಲಿಲ್ಲ.

ಹೆಜ್ಜೆ 8: ಆದೇಶ ಬಂದ ಮೇಲೆ

ಡೀಲರ್ 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶದ ಮೊತ್ತದಲ್ಲಿ ಅರ್ಧ ಠೇವಣಿ ಇಡಬೇಕು. ಹೋಗದೆ, ದುಡ್ಡೂ ಕೊಡದೆ ಸುಮ್ನೆ ಕೂತರೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಎಂಬ ಅರ್ಜಿ ಹಾಕಿ. ಜೊತೆಗೆ ಗ್ರಾಹಕರ ಸಂರಕ್ಷಣಾ ಕಾಯ್ದೆಯ 72ನೇ ಸೆಕ್ಷನ್ ಅರ್ಜಿಯನ್ನೂ ಹಾಕಿ. ಅದರಲ್ಲಿ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಆ ನೋಟಿಸ್ ಹೋದ ಮುಂದಿನ ವಾಯಿದೆಗೆ, ಅಲ್ಲಿವರೆಗೂ ಮುಖ ತೋರಿಸದ ಮ್ಯಾನೇಜರ್ ಖುದ್ದಾಗಿ ಬರುತ್ತಾರೆ.

ಟೀಚರ್ ಕೇಸಿನಲ್ಲೂ ಬಂದರು. ಆಯೋಗದ ಹೊರಗೆ ಬೆಂಚಿನ ಮೇಲೆ ಒಂದು ಚೆಕ್ಕು, ಒಂದು ಟೈಪು ಮಾಡಿದ ಹಾಳೆ. ‘ಇಲ್ಲೊಂದು ಸಹಿ ಹಾಕ್ಬಿಡಿ ಮೇಡಂ, ಮುಗೀತು.’ ಚೆಕ್ಕಿನ ತಾರೀಖು ಮೂರು ತಿಂಗಳು ಮುಂದಿನದು. ಹಾಳೆಯಲ್ಲಿ ‘ಪೂರ್ಣ ಮೊತ್ತ ಸಂದಾಯವಾಗಿದೆ, ಯಾವುದೇ ತಕರಾರಿಲ್ಲ’ ಎಂದಿತ್ತು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಚೆಕ್ ಬೇಡ, ಡಿಡಿ ಕೊಡಿ ಇಲ್ಲವೇ ಖಾತೆಗೆ ಹಾಕಿ ಅನ್ನಿ. ಬಡ್ಡಿಯನ್ನು ಆ ದಿನದವರೆಗೆ ಲೆಕ್ಕ ಹಾಕಿ ನೋಡಿ. ದುಡ್ಡು ಖಾತೆಗೆ ಬಿದ್ದ ಮೇಲೆಯೇ, ಬಂದಿದೆ ಎಂದು ಆಯೋಗಕ್ಕೆ ಮೆಮೊ ಸಲ್ಲಿಸಿ.

ನಾನು ಬಾಯಿ ತೆರೆಯುವ ಮುಂಚೆಯೇ ಟೀಚರ್ ಕೈಚೀಲದಿಂದ ಕೆಂಪು ಪೆನ್ನು ತೆಗೆದರು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಓದಿದರು. ಬಡ್ಡಿಯ ಸಾಲು ಬಿಟ್ಟುಹೋಗಿದ್ದ ಜಾಗಕ್ಕೆ ಒಂದು ಸುತ್ತು ಹಾಕಿ, ಮ್ಯಾನೇಜರ್ ಕೈಗೆ ವಾಪಸ್ ಕೊಟ್ಟರು. ‘ತಿದ್ದಿಕೊಂಡು ಬನ್ನಿ’ ಅಂದರು.